ಸುಟ್ಟ ಪೈಸೆ ಕೊಡಿ

ನಮ್ಮ ದೊಡ್ಡ ಮಾವ ಕಾರ್ಕಳದಿಂದ ಮೊದಲ ಸಲ ಮುಂಬಯಿಗೆ ಬಂದಾಗ ಒಂದು ಟಿಕೆಟ್ ಕಿಟಕಿಯ ಮುಂದೆ ಬೋರ್ಡು ನೋಡುತ್ತಾ ನಿಂತುಬಿಟ್ಟಿದ್ದರು. ಶಾಲೆಯಲ್ಲಿ ಕಲಿತ ಹಿಂದಿಯ ಬಲದಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಓದಿದರು: ‘ಕೃಪಯಾ ಸುಟ್ಟೇ ಪೈಸೇ ದ್ಯಾವೇತ.’ ಆಮೇಲೆ ನನ್ನ ಕಡೆ ತಿರುಗಿ, ‘ಅಲ್ಲ ಮಾರಾಯ, ಸುಟ್ಟ ಪೈಸೆ ತಗೊಂಡು ಇವರು ಮಾಡುವುದೇನು?’ ಎಂದರು.

ಮರಾಠಿಯಲ್ಲಿ ಸುಟ್ಟೇ ಎಂದರೆ ಚಿಲ್ಲರೆ. ಆ ದಿನ ನಾನು ಬಿದ್ದು ಬಿದ್ದು ನಕ್ಕಿದ್ದೆ. ಮುಂಬಯಿ ನನಗೆ ಗೊತ್ತು, ಇವರಿಗೆ ಗೊತ್ತಿಲ್ಲ ಎಂಬ ಸೊಕ್ಕು. ಈಗ ದಿನಾ ಬೆಳಿಗ್ಗೆ ಎಂಟು ಗಂಟೆಗೆ ರಿಕ್ಷಾದಿಂದ ಇಳಿದು ನಾಲ್ಕು ರೂಪಾಯಿಗೆ ಕೈ ಚಾಚಿ ನಿಂತಾಗ ಅನ್ನಿಸುತ್ತದೆ, ಮಾವ ಓದಿದ್ದೇ ಸರಿ. ಈ ಊರಿನಲ್ಲಿ ಚಿಲ್ಲರೆ ಎಲ್ಲೋ ಸುಟ್ಟೇ ಹೋಗಿದೆ.

ವಿಷಯ ನಿಮಗೆ ಗೊತ್ತೇ ಇದೆ. 2025ರ ಫೆಬ್ರವರಿ 1ರಿಂದ ಮುಂಬಯಿಯಲ್ಲಿ ರಿಕ್ಷಾದ ಕನಿಷ್ಠ ಬಾಡಿಗೆ 26 ರೂಪಾಯಿ. ಒಂದೂವರೆ ಕಿಲೋಮೀಟರಿಗೆ. 25 ಅಲ್ಲ, 30 ಅಲ್ಲ, 26. ಮೂವತ್ತು ಕೊಟ್ಟರೆ ನಾಲ್ಕು ವಾಪಸ್ ಬರಬೇಕು. ಇಪ್ಪತ್ತೈದು ಎಂದಿದ್ದರೆ ಒಂದು ಇಪ್ಪತ್ತು, ಒಂದು ಐದು, ಕೆಲಸ ಮುಗಿಯಿತು. ಹಾಗೆ ಸಲೀಸಾಗಿ ಮುಗಿದರೆ ಅದು ಸರಕಾರದ ಕೆಲಸ ಹೇಗಾದೀತು?

ಈ ಲೆಕ್ಕವನ್ನು ನಾನು ಮನಸಾರೆ ಮೆಚ್ಚುತ್ತೇನೆ, ಸುಮ್ನೆ ಹೇಳುತ್ತಿಲ್ಲ. 2012ರ ಅಕ್ಟೋಬರಿನಲ್ಲಿ ಬಾಡಿಗೆ 15 ಇತ್ತು. ಅದೊಂದು ಸಲ ಯಾರೋ ಅಜಾಗರೂಕತೆಯಿಂದ ಸರಿಯಾದ ಸಂಖ್ಯೆ ಬರೆದುಬಿಟ್ಟಿರಬೇಕು. ಆಮೇಲೆ ತಪ್ಪು ತಿದ್ದಿಕೊಂಡರು. 2014ರಲ್ಲಿ 17, ಮರುವರ್ಷ 18, 2021ರಲ್ಲಿ 21, 2022ರಲ್ಲಿ 23, ಈಗ 26. ಜೇಬಿನಲ್ಲಿ ಯಾವ ನೋಟು, ಯಾವ ನಾಣ್ಯ ಇದ್ದರೂ ಅದಕ್ಕೆ ಹೊಂದಬಾರದು ಎಂದು ಹಠ ಹಿಡಿದು ಕೂತರೂ ಇಷ್ಟು ಚೆನ್ನಾಗಿ ಆಗುತ್ತಿರಲಿಲ್ಲ. ಇದಕ್ಕೆ ಸಮಿತಿಗಳೂ ಇದ್ದವು. ಮೊದಲು ಹಕೀಮ್ ಸಮಿತಿ, ಆಮೇಲೆ ಖಟುವಾ ಸಮಿತಿ. ಗಾಡಿಯ ಬೆಲೆ, ಗ್ಯಾಸಿನ ಬೆಲೆ, ರಿಪೇರಿ ಖರ್ಚು, ಜೀವನ ವೆಚ್ಚ, ಎಲ್ಲವನ್ನೂ ಸೂತ್ರಕ್ಕೆ ಹಾಕಿ ಅರೆದರು. ಹಕೀಮರೇ ಬಂದು ನಾಡಿ ಹಿಡಿದು ಹೋದರೂ ಕೊನೆಗೆ ಆ ನಾಲ್ಕು ರೂಪಾಯಿ ಯಾರು ಕೊಡಬೇಕು ಎಂಬುದಕ್ಕೆ ಮದ್ದು ಸಿಗಲಿಲ್ಲ.

ಟ್ಯಾಕ್ಸಿಯದು ಇನ್ನೂ ಚೆಂದ. ಅದಕ್ಕೆ 31. ನೋಡಿದ ಕೂಡಲೇ ನನಗೆ ಮದುವೆ ಮನೆಯ ಮುಯ್ಯಿ ನೆನಪಾಯಿತು. ನೂರಕ್ಕೆ ಒಂದು ಸೇರಿಸಿ ನೂರೊಂದು ಮಾಡುತ್ತೇವಲ್ಲ, ಹಾಗೆ. ಟ್ಯಾಕ್ಸಿಯಿಂದ ಇಳಿಯುವಾಗ ಕವರಿನಲ್ಲಿ 31 ಇಟ್ಟು, ಎರಡು ಅಕ್ಷತೆ ಹಾಕಿ ಬರಬೇಕು. ನಾನು ಐವತ್ತು ಕೊಟ್ಟರೆ ಆತ, ‘ಸಾಬ್, ಏಕ್ ರುಪಯಾ ಛುಟ್ಟಾ ದೇನಾ’ ಎನ್ನುತ್ತಾನೆ. ಒಂದು ರೂಪಾಯಿ ಇದ್ದರೆ ಇಪ್ಪತ್ತು ವಾಪಸ್ ಸಿಗುತ್ತದೆ. ಇಲ್ಲದಿದ್ದರೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಾ ಕೂರಬೇಕು. ಹಿಂದಿನಿಂದ ಬಸ್ಸು ಹಾರ್ನ್ ಹೊಡೆಯುತ್ತಿರುತ್ತದೆ.

ರಿಕ್ಷಾದವನ ಹತ್ತಿರ ಚಿಲ್ಲರೆ ಇರುವುದಿಲ್ಲವೇ? ಇರುತ್ತದೆ. ಮೀಟರಿನ ಕೆಳಗೆ ಪ್ಲಾಸ್ಟಿಕ್ ಡಬ್ಬಿ ಇದೆ. ಗುಂಡಿ ಹಾರಿದಾಗಲೆಲ್ಲ ಅದು ಗಲಗಲ ಎನ್ನುತ್ತದೆ. ಇಳಿದ ಮೇಲೆ ಮಾತ್ರ ಆತ ಆ ಡಬ್ಬಿ ಇರುವ ದಿಕ್ಕನ್ನೇ ನೋಡುವುದಿಲ್ಲ. ‘ಬೋಹನಿ ಕಾ ಟೈಮ್ ಹೈ ಸಾಬ್.’ ಇವನ ಬೋಹನಿಯೂ ನಮ್ಮ ಬೋಣಿಯೂ ಒಂದೇ. ಊರ ಸಂತೆಯಲ್ಲಿ ಬೋಣಿಗೆ ಎರಡು ತೊಂಡೆಕಾಯಿ ಜಾಸ್ತಿ ಹಾಕುತ್ತಾರೆ. ಇಲ್ಲಿ ನಾಲ್ಕು ರೂಪಾಯಿ ಕಡಿಮೆ ಕೊಡುತ್ತಾರೆ.

ನ್ಯಾಯವಾಗಿ ಹೇಳಬೇಕೆಂದರೆ ನನ್ನ ಮನೆಯಲ್ಲೂ ಒಂದು ಡಬ್ಬಿ ಇದೆ. ಹಳೆಯ ಹಾರ್ಲಿಕ್ಸ್ ಬಾಟಲಿ. ಒಂದು, ಎರಡು, ಐದರ ನಾಣ್ಯಗಳು ಕುತ್ತಿಗೆಯ ತನಕ ತುಂಬಿವೆ. ಅದಕ್ಕೆ ಕೈ ಹಾಕಿದರೆ ಹೆಂಡತಿ, ‘ಅದು ಬೇಕಾಗುತ್ತದೆ, ಇರಲಿ’ ಎನ್ನುತ್ತಾಳೆ. ಯಾವಾಗ ಬೇಕಾಗುತ್ತದೆ? ಗೊತ್ತಿಲ್ಲ. ಹದಿನಾಲ್ಕು ವರ್ಷದಿಂದ ಬೇಕಾಗಿಲ್ಲ. ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಒಮ್ಮೆ ಯಾರೋ ‘ಐನೂರಕ್ಕೆ ಚಿಲ್ಲರೆ ಇದೆಯಾ?’ ಎಂದು ಕೇಳಿದರು. ಎಲ್ಲರೂ ಓದಿದರು, ನೀಲಿ ಗುರುತು ಬಿತ್ತು. ಯಾರೂ ಮಿಸುಕಲಿಲ್ಲ. ಬೆಳಿಗ್ಗೆ ಗುಲಾಬಿ ಹೂವಿನ ಜೊತೆ ಶುಭೋದಯ ಬಂದರೆ ಇದೇ ಜನ ಸಾಲು ಸಾಲಾಗಿ ಕೈ ಮುಗಿಯುತ್ತಾರೆ. ಗುಜರಾತಿ, ಮರಾಠಿ, ತುಳು, ಕೊಂಕಣಿ, ಭಾಷೆ ಯಾವುದಾದರೂ ಇರಲಿ, ‘ಚಿಲ್ಲರೆ ಇಲ್ಲ’ ಎಂಬ ಸುಳ್ಳನ್ನು ಮಾತ್ರ ನಾವೆಲ್ಲ ಒಂದೇ ರಾಗದಲ್ಲಿ ಹೇಳುತ್ತೇವೆ.

ಮೊದಲು ಈ ಬರಗಾಲದಲ್ಲಿ ನಮ್ಮವರ ಹೋಟೆಲಿನ ಗಲ್ಲಾ ಒಂದು ಆಸರೆಯಾಗಿತ್ತು. ಮಾಟುಂಗಾ ಕಡೆ ಹೋದಾಗ ಒಂದು ಕಾಪಿ ಕುಡಿದು, ಗಲ್ಲಾದ ಅಣ್ಣನ ಹತ್ತಿರ ತುಳುವಿನಲ್ಲಿ ಎರಡು ಮಾತಾಡಿ, ಮೆಲ್ಲ ನೂರರ ನೋಟು ದಾಟಿಸಿದರೆ ಎಲ್ಲಾ ಬಗೆಯ ನಾಣ್ಯ ಎಣಿಸಿ ಕೊಡುತ್ತಿದ್ದರು. ಈಗ ಅಲ್ಲೂ ಎರಡು ರೂಪಾಯಿ ಬದಲು ಎರಡು ಚಾಕಲೇಟು. ಕೇಳಿದರೆ, ‘ಚಿಲ್ಲರೆ ಎಲ್ಲಿದೆ ಮಾರಾಯ್ರೆ? ಬಂದವರೆಲ್ಲ ಮೊಬೈಲ್ ತೋರಿಸಿ ಹೋಗುತ್ತಾರೆ. ಚಿಲ್ಲರೆ ಕೇಳಲಿಕ್ಕೆ ಮಾತ್ರ ನಿಮ್ಮಂಥವರು ಬರುತ್ತೀರಿ’ ಎಂದರು. ಮಾತು ಚುಚ್ಚಿತು. ನಿಜವಾದ್ದರಿಂದ ಜಾಸ್ತಿ ಚುಚ್ಚಿತು.

ಆ ಚಾಕಲೇಟುಗಳನ್ನು ನಾನು ಬಿಸಾಡಲಿಲ್ಲ. ಒಂದು ದಿನ ರಿಕ್ಷಾದವನಿಗೆ ಇಪ್ಪತ್ತೈದು ರೂಪಾಯಿ, ಒಂದು ಚಾಕಲೇಟು ಕೊಟ್ಟೆ. ಅಂಗಡಿಯವರು ನನಗೆ ಕೊಡಬಹುದಾದರೆ ನಾನು ಯಾಕೆ ಕೊಡಬಾರದು? ಆತ ಚಾಕಲೇಟನ್ನು ಅತ್ತ ಇತ್ತ ತಿರುಗಿಸಿ ನೋಡಿ, ಬಹಳ ಮರ್ಯಾದೆಯಿಂದ ವಾಪಸ್ ಕೊಟ್ಟ. ‘ಶುಗರ್ ಹೈ ಸಾಬ್.’

ಈ ನಾಣ್ಯದ ವಿಷಯದಲ್ಲಿ ಊರಿನವರು ಇನ್ನೊಂದು ತರಹ. ಕಳೆದ ಸಲ ಮತ್ಸ್ಯಗಂಧ ರೈಲಿನಲ್ಲಿ ಊರಿಗೆ ಹೋಗುವಾಗ, ಅಲ್ಲಿ ಖರ್ಚಿಗೆ ಬೇಕಾಗಬಹುದು ಎಂದು ಹತ್ತರ ನಾಣ್ಯ ಒಂದು ಮುಷ್ಟಿ ಕಟ್ಟಿಕೊಂಡು ಹೋಗಿದ್ದೆ. ಮುಂಬಯಿಯಲ್ಲಿ ಚಿನ್ನದಂಥ ವಸ್ತು. ಊರಿನ ಜಿನಸಿ ಅಂಗಡಿಯಲ್ಲಿ ಅದನ್ನು ಮೇಜಿನ ಮೇಲೆ ಇಟ್ಟೆ. ಅಂಗಡಿಯವರು ಒಂದೇ ಬೆರಳಿನಲ್ಲಿ, ಸತ್ತ ಜಿರಳೆಯನ್ನು ದೂಡುವ ಹಾಗೆ, ನನ್ನ ಕಡೆ ದೂಡಿದರು. ‘ಇದು ಇಲ್ಲಿ ನಡೆಯುವುದಿಲ್ಲ.’ ಹತ್ತರ ನಾಣ್ಯಕ್ಕೆ 14 ವಿನ್ಯಾಸ ಇದೆ, ಎಲ್ಲವೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ ಎಂದೆ. ‘ಹಾಗಾದರೆ ರಿಸರ್ವ್ ಬ್ಯಾಂಕಿನಲ್ಲೇ ಬೆಲ್ಲ ತೆಗೆದುಕೊಳ್ಳಿ’ ಎಂದರು. ಆ ಮುಷ್ಟಿ ನಾಣ್ಯ ಕೊನೆಗೆ ದೇವಸ್ಥಾನದ ಹುಂಡಿಗೆ ಬಿತ್ತು. ದೇವರು ಈವರೆಗೆ ದೂಡಿಲ್ಲ.

‘ಯುಪಿಐ ಇಲ್ಲವಾ?’ ಎಂದು ನೀವು ಕೇಳುತ್ತೀರಿ, ಗೊತ್ತು. ಇದೆ. ರಿಕ್ಷಾದ ಒಳಗೆ ಚೌಕುಳಿ ಚೌಕುಳಿ ಚೀಟಿ ಅಂಟಿಸಿದ್ದಾರೆ. ಬಿಸಿಲಿಗೆ ಬಣ್ಣ ಹೋಗಿದೆ, ಒಂದು ಮೂಲೆಯನ್ನು ಯಾವುದೋ ಮಗು ಕೆರೆದಿದೆ. ಸ್ಕ್ಯಾನ್ ಆದರೆ ತೆರೆಯ ಮೇಲೆ ಚಕ್ರ ತಿರುಗುತ್ತದೆ. ನಾನು ಚಕ್ರ ನೋಡುತ್ತೇನೆ, ಆತ ನನ್ನ ಮುಖ ನೋಡುತ್ತಾನೆ, ಮೇಲೆ ಸ್ಟೇಷನಿನಲ್ಲಿ ನನ್ನ ಫಾಸ್ಟ್ ಲೋಕಲ್ ಬಂದು ಹೋಗುತ್ತದೆ. ಕೆಲವರು ನಗದೇ ಬೇಕು ಎನ್ನುತ್ತಾರೆ. ಸಂಜೆ ಗ್ಯಾಸಿಗೆ, ಗಾಡಿಯ ಮಾಲೀಕನಿಗೆ ಕೊಡಬೇಕಲ್ವಾ, ಅದೂ ಸರಿಯೇ.

ಆಫೀಸಿನಲ್ಲಿ ಯುಪಿಐ ಬಂದದ್ದರಿಂದ ಇನ್ನೊಂದು ಉಪಕಾರವಾಗಿದೆ. ಮೊದಲು ಕಟಿಂಗ್ ಚಹಾ ಕುಡಿದರೆ ಇವತ್ತು ನಾನು, ನಾಳೆ ನೀನು ಎಂದಿತ್ತು. ಈಗ ಚಹಾ ಗಂಟಲಲ್ಲಿ ಇಳಿಯುವ ಮೊದಲೇ ಪಕ್ಕದ ಮೇಜಿನವನಿಂದ ‘ಹಣ ಹಾಕು’ ಎಂಬ ಸಂದೇಶ ಬರುತ್ತದೆ. ಹುಟ್ಟುಹಬ್ಬದ ಕೇಕಿಗೆ ತಲೆಗೆ 37 ರೂಪಾಯಿ 50 ಪೈಸೆ. ಆ ಐವತ್ತು ಪೈಸೆಗೆ ನನಗೆ ಎರಡು ಸಲ ನೆನಪೋಲೆ ಬಂದಿದೆ. ಚಿಲ್ಲರೆ ಇಲ್ಲದ ಊರಿನಲ್ಲಿ ಚಿಲ್ಲರೆ ಬುದ್ಧಿಗೆ ಏನೂ ಕೊರತೆ ಇಲ್ಲ.

ಲೋಕಲ್ ರೈಲು ಮಾತ್ರ ಈ ವಿಷಯದಲ್ಲಿ ಹಿಂದುಳಿದಿದೆ. ಸೆಕೆಂಡ್ ಕ್ಲಾಸಿನ ಟಿಕೆಟ್ ಐದು, ಹತ್ತು, ಹದಿನೈದು, ಹೀಗೆ ಹೋಗುತ್ತದೆ. ಅಲ್ಲಿಯವರಿಗೆ ಐದರ ಮಗ್ಗಿ ಬಿಟ್ಟರೆ ಏನೂ ಬರುವುದಿಲ್ಲವೇನೋ. ಮನೆಯಿಂದ ಸ್ಟೇಷನಿನ ಒಂದೂವರೆ ಕಿಲೋಮೀಟರಿಗೆ ಇಪ್ಪತ್ತಾರು, ಅಲ್ಲಿಂದ ನಾಲ್ಕಾರು ಸ್ಟೇಷನ್ ದಾಟಲು ಐದೋ ಹತ್ತೋ. ರೈಲಿನವರು ಹಕೀಮರನ್ನು ಕರೆಸಿರಲಿಕ್ಕಿಲ್ಲ.

ಮುಂಬಯಿಯ ಸಿಟಿ ಬಸ್ಸು ಓಡಿಸುವ ಬೆಸ್ಟ್‌ನವರು ಕಂಡುಹಿಡಿದ ಪರಿಹಾರವೂ ನಿಮಗೆ ಗೊತ್ತು. 2025ರ ಮೇ ತಿಂಗಳಲ್ಲಿ ಕನಿಷ್ಠ ಟಿಕೆಟ್ ಐದರಿಂದ ಹತ್ತಾಯಿತು. ಎಸಿ ಬಸ್ಸಿಗೆ ಆರು ಇದ್ದದ್ದು ಹನ್ನೆರಡು. ಹತ್ತರ ನೋಟು ಕೊಡಿ, ಕೂತುಕೊಳ್ಳಿ, ಚಿಲ್ಲರೆಯ ತಕರಾರೇ ಇಲ್ಲ. ಎಷ್ಟು ಸುಲಭ. ನಮ್ಮ ಮಹಡಿಯಲ್ಲಿ ನಾಲ್ಕು ಮನೆಗೆ ಪಾತ್ರೆ ತಿಕ್ಕಲು ಬರುವ ಹೆಂಗಸು ಎರಡು ಬಸ್ಸು ಬದಲಿಸಿ ಬರುತ್ತಿದ್ದರು. ದಿನಕ್ಕೆ ಇಪ್ಪತ್ತು ಇದ್ದದ್ದು ನಲವತ್ತಾಯಿತು. ಈಗ ಎರಡನೆಯ ಬಸ್ಸು ಬಿಟ್ಟು ನಡೆದು ಬರುತ್ತಾರೆ. ಅರ್ಧ ಗಂಟೆ ತಡವಾದರೆ ಮೂರನೆಯ ಮನೆಯವರು ಸಿಡುಕುತ್ತಾರೆ. ಇದರಲ್ಲಿ ತಮಾಷೆ ಏನಿದೆ? ಏನೂ ಇಲ್ಲ. ಬಾಡಿಗೆ ಏರಿಸಲೇಬೇಕಾಗುತ್ತದೆ, ಒಪ್ಪುತ್ತೇನೆ. ರಿಕ್ಷಾದವನ ಮನೆಯಲ್ಲೂ ಒಲೆ ಉರಿಯಬೇಕು. ಆದರೆ ಆ ಸಂಖ್ಯೆ ಬರೆಯುವವರು ಯಾರೂ ಬೆಳಿಗ್ಗೆ ಎಂಟಕ್ಕೆ ಕೈಯಲ್ಲಿ ಚಿಲ್ಲರೆ ಹಿಡಿದು ರಸ್ತೆ ಬದಿಯಲ್ಲಿ ನಿಂತವರಲ್ಲ. ನಿಂತಿದ್ದರೆ 26 ಎಂದು ಬರೆಯುವಾಗ ಪೆನ್ನು ಒಂದು ಕ್ಷಣವಾದರೂ ತಡೆಯುತ್ತಿತ್ತು. ಈಗ ಆಗುವುದೇನು? ಅವನೂ ಹೊಟ್ಟೆಪಾಡಿಗೆ ಬಂದವನು, ನಾನೂ ಹೊಟ್ಟೆಪಾಡಿಗೆ ಬಂದವನು. ದಿನ ಶುರುವಾಗುವುದೇ ನಾಲ್ಕು ರೂಪಾಯಿಗೆ ಒಬ್ಬರನ್ನೊಬ್ಬರು ಕಳ್ಳನಂತೆ ನೋಡುವುದರಿಂದ. ಸಾಕಾಗಿದೆ.

ಮೊನ್ನೆ ಸೋಮವಾರ ಹೆಂಡತಿ ಸ್ನಾನಕ್ಕೆ ಹೋದಾಗ ಹಾರ್ಲಿಕ್ಸ್ ಬಾಟಲಿಗೆ ಕೈ ಹಾಕಿಯೇಬಿಟ್ಟೆ. ಒಂದು ಐದು, ಒಂದು ಒಂದು. ಪರ್ಸಿನಲ್ಲಿ ಇಪ್ಪತ್ತರ ನೋಟು ಇತ್ತು. ಒಟ್ಟು ಸರಿಯಾಗಿ ಇಪ್ಪತ್ತಾರು. ರಿಕ್ಷಾ ಹತ್ತಿದ್ದರಿಂದ ಹಿಡಿದು ಮುಷ್ಟಿ ಬಿಚ್ಚಲಿಲ್ಲ. ಇವತ್ತು ಇಳಿದ ಕೂಡಲೇ ಕೊಟ್ಟು, ಹಿಂದೆ ತಿರುಗಿ ನೋಡದೆ ಮೆಟ್ಟಿಲು ಹತ್ತುವುದು ಎಂದು ತೀರ್ಮಾನ. ಸ್ಟೇಷನ್ ಕಾಣಿಸಿತು. ಮೀಟರಿನಲ್ಲಿ ಇನ್ನೂ 26. ಗೇಟಿನ ಮುಂದೆ ಒಬ್ಬ ಪುಣ್ಯಾತ್ಮ ಕಾರು ಅಡ್ಡ ನಿಲ್ಲಿಸಿ ವಡಾಪಾವ್ ಕಟ್ಟಿಸಿಕೊಳ್ಳುತ್ತಿದ್ದ. ರಿಕ್ಷಾದವನು ಬೈದುಕೊಂಡು ಸುತ್ತು ಹಾಕಿ ಆಚೆ ಬದಿಗೆ ತಂದ. ನಿಲ್ಲಿಸುವ ಹೊತ್ತಿಗೆ ಮೀಟರ್ ಒಂದು ಸಲ ಕಣ್ಣು ಮಿಟುಕಿಸಿ 28 ಆಯಿತು.

ಬೆವರಿನಲ್ಲಿ ಒದ್ದೆಯಾದ ಇಪ್ಪತ್ತಾರು ರೂಪಾಯಿಯನ್ನು ನಾನು ನೋಡಿದೆ. ಪರ್ಸಿನಲ್ಲಿ ಉಳಿದದ್ದು ಒಂದು ಐನೂರರ ನೋಟು. ಆತ ಹಿಂದೆ ತಿರುಗಿದ.

‘ಸಾಬ್, ದೋ ರುಪಯಾ ಛುಟ್ಟಾ ಹೈ ಕ್ಯಾ?’