ಬೆಲೆ ಬೇಕಾದ್ರೆ ಪೀಪಿ ಊದಿ

ಮೊನ್ನೆ ಮನೆಯಾಕೆ ಫೋನ್ ತಂದು ಮೂಗಿನ ಮುಂದೆ ಹಿಡಿದಳು. "ರೀ, ಈ ಸೀರೆ ಎಷ್ಟು ಅಂತ ಸ್ವಲ್ಪ ನೋಡಿ." ನೋಡಿದೆ. ಇಲ್ಲೇ ಜಯನಗರದ ಒಂದು ಅಂಗಡಿಯ ಪೋಸ್ಟ್. ಎಲೆ ಹಸಿರು ರೇಷ್ಮೆ, ಅರಿಶಿನ ಬಣ್ಣದ ಅಂಚು. ಕೆಳಗೆ ಒಂದು ಗಾಡಿ ಹ್ಯಾಶ್‌ಟ್ಯಾಗ್. ಬೆಲೆ ಮಾತ್ರ ಎಲ್ಲೂ ಇಲ್ಲ. "ಬೆಲೆ ತಿಳಿಯಲು ಕಾಮೆಂಟಿನಲ್ಲಿ ಪಿಪಿ ಎಂದು ಬರೆಯಿರಿ."

ಪಿಪಿ ಅಂದರೆ ಪ್ರೈಸ್ ಪ್ಲೀಸ್ ಅಂತೆ. ಕೆಳಗೆ 211 ಜನ ಸಾಲಾಗಿ ನಿಂತು ಪಿಪಿ, ಪಿಪಿ, ಪಿಪಿ ಅಂದಿದ್ದರು. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಹುಡುಗರು ಕಿವಿ ಹತ್ತಿರ ಬಂದು ಪೀಪಿ ಊದುತ್ತಾರಲ್ಲ, ಅದೇ ಸದ್ದು. ಆದರೆ ಪರಿಷೆಯಲ್ಲಿ ಕಡಲೆಕಾಯಿ ಮಾರುವ ಅಜ್ಜಿ ಸೇರಿಗೆ ಎಷ್ಟು ಅಂತ ತಾನೇ ಕೂಗಿ ಹೇಳುತ್ತಾಳೆ. ಪಾಪ, ಅವಳಿಗೆ ಮಾರ್ಕೆಟಿಂಗ್ ಗೊತ್ತಿಲ್ಲ.

ನಾನೂ ಊದಿದೆ. ಐವತ್ತೆಂಟನೇ ವಯಸ್ಸಿನಲ್ಲಿ, ಸೀರೆ ಅಂಗಡಿಯ ಬಾಗಿಲಲ್ಲಿ ನಿಂತು. ತಕ್ಷಣ ಒಂದು ಕೆಂಪು ಹೃದಯ ಬಂತು, "ಡಿಎಂ ಚೆಕ್ ಮಾಡಿ ಡಿಯರ್" ಅಂತ ಬಂತು. ಡಿಎಂ ಅಂದರೆ ಖಾಸಗಿ ಮೆಸೇಜು. ಅಲ್ಲಿ, ಮೊದಲು ಪೇಜ್ ಫಾಲೋ ಮಾಡಿ ಅಂದರು. ಮಾಡಿದೆ. ವಾಟ್ಸಾಪ್ ನಂಬರ್ ಬಂತು. ಅಲ್ಲಿಗೆ ಹೋದರೆ, "ಯಾವ ಸೀರೆ? ಫೋಟೊ ಕಳಿಸಿ." ಅವರ ಸೀರೆಯ ಫೋಟೊ ಅವರಿಗೇ ಕಳಿಸಿದೆ. ಅರ್ಧ ಗಂಟೆ ಬಿಟ್ಟು ಉತ್ತರ ಬಂತು. "ಸ್ಟಾಕ್ ಇಲ್ಲ ಸರ್."

ಐದು ರೂಪಾಯಿಯ ಬಿಸ್ಕತ್ ಪೊಟ್ಟಣದ ಮೇಲೂ ಎಂಆರ್‌ಪಿ ಅಚ್ಚಾಗಿರಬೇಕು ಅಂತ ಕಾನೂನಿರುವ ದೇಶ ಇದು.

ಈ ಆಟಕ್ಕೆ ಎಂಗೇಜ್‌ಮೆಂಟ್ ಅಂತಾರಂತೆ. ನಮ್ಮ ಕಾಲದಲ್ಲಿ ಎಂಗೇಜ್‌ಮೆಂಟ್ ಆದರೆ ತಟ್ಟೆಯಲ್ಲಿಟ್ಟು ಸೀರೆ ಕೊಡುತ್ತಿದ್ದರು.

ನಮ್ಮ ಅಕ್ಕನ ಮಗನಿಗೆ ಇದೇ ಉದ್ಯೋಗ. ಎಂಟು ಅಂಗಡಿಗಳ ಪೇಜ್ ನೋಡಿಕೊಳ್ಳುತ್ತಾನೆ. "ಮಾವ, ಬೆಲೆ ಹಾಕಿದ್ರೆ ಜನ ನೋಡ್ಕೊಂಡು ಹೋಗ್ತಾರೆ. ಕಾಮೆಂಟ್ ಬಿದ್ರೆ ತಾನೇ ಪೋಸ್ಟ್ ಓಡೋದು?" ಅಂದ. ಹುಡುಗನದೂ ತಪ್ಪಿಲ್ಲ ಬಿಡಿ. ಲೈಕ್ ಒತ್ತಿ, ಟ್ಯಾಗ್ ಮಾಡಿ ಅಂತ ಗಾಳ ಹಾಕುವ ಪೋಸ್ಟ್‌ಗಳನ್ನು ಕೆಳಕ್ಕೆ ತಳ್ಳುತ್ತೇವೆ ಅಂತ ಫೇಸ್‌ಬುಕ್ ಹೇಳಿದ್ದು 2017ರ ಡಿಸೆಂಬರಿನಲ್ಲಿ. ಮಾತುಕತೆ ಹುಟ್ಟಿಸುವ ಪೋಸ್ಟ್‌ಗಳನ್ನು ಮೇಲಕ್ಕೆ ತರುತ್ತೇವೆ ಅಂದಿದ್ದು ಮರುತಿಂಗಳೇ. ಅಂಗಡಿಯವರಿಗೆ ಕೇಳಿಸಿದ್ದು ಎರಡನೆಯದು ಮಾತ್ರ.

ಹಾಗಾಗಿ ಈಗ ಊರೆಲ್ಲ ಪ್ರಶ್ನೆಪತ್ರಿಕೆ. ದರ್ಶಿನಿಯವರು ಕೇಳುತ್ತಾರೆ: ವಡೆ ಅದ್ದಿ ತಿನ್ನೋರಾ, ಮುಳುಗಿಸಿ ತಿನ್ನೋರಾ? ಹಲ್ಲಿನ ಡಾಕ್ಟರು ಕೇಳುತ್ತಾರೆ: ಹಲ್ಲುಜ್ಜದ ಗೆಳೆಯನನ್ನು ಟ್ಯಾಗ್ ಮಾಡಿ. ಮೂಲವ್ಯಾಧಿ ಕ್ಲಿನಿಕ್ ಒಂದು, ದೇವರಾಣೆಗೂ ಸುಳ್ಳಲ್ಲ, "ಇದನ್ನು ನೋಡಿದ ತಕ್ಷಣ ಯಾರು ನೆನಪಾದರು?" ಅಂತ ಕೇಳಿತ್ತು. ಮೂವರು ತಮ್ಮ ಮ್ಯಾನೇಜರನ್ನು ಟ್ಯಾಗ್ ಮಾಡಿದ್ದರು.

ನೆನಪಿದೆಯಾ, ಹಳೇ ಹೋಟೆಲುಗಳ ಗೋಡೆ? "ಇಲ್ಲಿ ರಾಜಕೀಯ ಮಾತಾಡಬಾರದು." "ಕೈ ತೊಳೆಯುವಲ್ಲಿ ತಲೆ ಬಾಚಬೇಡಿ." "ಸಾಲ ಕೇಳಿ ಸ್ನೇಹ ಕೆಡಿಸಿಕೊಳ್ಳಬೇಡಿ." "ತಿಂಡಿ ಆದ ಮೇಲೆ ಹೆಚ್ಚು ಹೊತ್ತು ಕೂರಬೇಡಿ." ಗಲ್ಲಾದ ಮೇಲೆ ಕೂತವರು ಮುಖ ಎತ್ತಿ ನೋಡುತ್ತಿರಲಿಲ್ಲ. ಚಿಲ್ಲರೆ ಇಲ್ಲದಿದ್ದರೆ ಮಾತ್ರ ನೋಡುತ್ತಿದ್ದರು, ಅದು ಬೇರೆ ಥರ ನೋಟ. ಸರ್ವರ್ ಒಂದೇ ಉಸಿರಲ್ಲಿ ಹದಿನೆಂಟು ತಿಂಡಿ ಹೇಳಿ, ನಾವು ಬಾಯಿ ಬಿಡುವಷ್ಟರಲ್ಲಿ ಪಕ್ಕದ ಮೇಜಿಗೆ ಹೋಗಿರುತ್ತಿದ್ದ. ನಮ್ಮ ಅಭಿಪ್ರಾಯ ಯಾರಿಗೂ ಬೇಕಿರಲಿಲ್ಲ. ದೋಸೆ ಮಾತ್ರ ಬಿಸಿಯಾಗಿ ಬರುತ್ತಿತ್ತು. ಇತ್ತೀಚೆಗೂ ನಮ್ಮೂರಿನದೇ ಒಂದು ಹೋಟೆಲಿನ ಬೋರ್ಡು ಫೋನಿಂದ ಫೋನಿಗೆ ಓಡಾಡಿತಲ್ಲ, ಇಲ್ಲಿ ರಾಜಕೀಯ, ರಿಯಲ್ ಎಸ್ಟೇಟ್ ಮಾತು ಬೇಡ ಅಂತ? ಬೈದವರೇ ಜಾಸ್ತಿ. ನನಗಂತೂ ಎದ್ದು ಹೋಗಿ ಕೈ ಕುಲುಕೋಣ ಅನ್ನಿಸಿತು.

ಹೋದ ದೀಪಾವಳಿಗೆ ಒಂದು ಕೆಜಿ ಮೈಸೂರು ಪಾಕ್ ತಂದಿದ್ದೆ. ಡಬ್ಬ ತೆಗೆದರೆ ಕಮಟು ವಾಸನೆ. ಬಂದ ನೆಂಟರು ಒಂದು ತುಂಡು ಬಾಯಿಗಿಟ್ಟು, ನುಂಗಲೂ ಆಗದೆ ಉಗುಳಲೂ ಆಗದೆ, "ಚೆನ್ನಾಗಿದೆ" ಅಂದರು. ಅಂಗಡಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಪೇಜ್ ತೆಗೆದು ನೋಡಿದೆ. ಅದೇ ದಿನದ ಪೋಸ್ಟ್: "ನಮ್ಮ ಮೈಸೂರು ಪಾಕ್ ಬಗ್ಗೆ ಒಂದೇ ಪದದಲ್ಲಿ ಹೇಳಿ!"

"ಕಮಟು" ಅಂತ ಬರೆದೆ.

ಹೃದಯ ಬಂತು. "ಥ್ಯಾಂಕ್ಯೂ ಸೋ ಮಚ್ ಸರ್, ಹೀಗೇ ಪ್ರೋತ್ಸಾಹಿಸಿ." ಸಂಜೆಯ ಹೊತ್ತಿಗೆ ಕನ್ನಡ ಬರುವವರು ಯಾರೋ ಅಲ್ಲಿ ಕಣ್ಣು ಹಾಯಿಸಿರಬೇಕು. ನನ್ನ ಕಾಮೆಂಟ್ ಮಾಯ. ನನ್ನನ್ನೂ ಬ್ಲಾಕ್ ಮಾಡಿದ್ದರು.

ಆಗ ನಗು ಬರಲಿಲ್ಲ ನೋಡಿ, ಈಗಲೂ ಬರುವುದಿಲ್ಲ. ಇಪ್ಪತ್ತು ವರ್ಷ ಅದೇ ಅಂಗಡಿಗೆ ದುಡ್ಡು ಕೊಟ್ಟಿದ್ದೇನೆ. ನನಗೆ ಹೃದಯ ಬೇಕಿರಲಿಲ್ಲ. "ಹೌದಾ? ಡಬ್ಬ ತಗೊಂಡು ಬನ್ನಿ, ಬದಲಾಯಿಸಿ ಕೊಡ್ತೀವಿ" ಅಂತ ಒಬ್ಬ ಮನುಷ್ಯ ಹೇಳಿದ್ದರೆ ಸಾಕಿತ್ತು. ದಿನಾ ಬೆಳಿಗ್ಗೆ ಎದ್ದು ನಮ್ಮನ್ನು ಮಾತಾಡಿ ಮಾತಾಡಿ ಅಂತ ಪೀಡಿಸುತ್ತೀರಿ. ಮಾತಾಡಿದರೆ ಓದುವುದಕ್ಕೆ ಒಬ್ಬರನ್ನೂ ಇಟ್ಟಿಲ್ಲ. ಯಾಕ್ರೀ ಕೇಳ್ತೀರಿ ಮತ್ತೆ?

ಸೀರೆ ವಿಷಯ ಅಲ್ಲಿಗೇ ಬಿಟ್ಟೆ. ಮನೆಯಾಕೆ ಬಿಡಲಿಲ್ಲ. ಭಾನುವಾರ ಆಟೋ ಹತ್ತಿಸಿ ಅಂಗಡಿಗೇ ಕರೆದುಕೊಂಡು ಹೋದಳು. ಸ್ಟಾಕ್ ಇಲ್ಲದ ಸೀರೆ ಬಾಗಿಲಲ್ಲೇ ಗೊಂಬೆ ಉಟ್ಟುಕೊಂಡು ನಿಂತಿತ್ತು. ಸೆರಗಿನ ತುದಿಯಲ್ಲಿ ಚೀಟಿ, ಚೀಟಿಯಲ್ಲಿ ಬೆಲೆ: 9,850. ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದಳು. "ಜಾಸ್ತಿ ಆಯ್ತು, ನಡೀರಿ" ಅಂದಳು. ಒಂದು ನಿಮಿಷವೂ ಹಿಡಿಯಲಿಲ್ಲ.

ವಾಪಸು ಬರುವಾಗ ದಾರಿಯುದ್ದಕ್ಕೂ ಒಂದೇ ಮಾತು. "ಅಲ್ಲೇ ಬರೆದು ಹಾಕಿದ್ದಿದ್ರೆ ಆಟೋ ದುಡ್ಡಾದ್ರೂ ಉಳೀತಿತ್ತು ಅಲ್ವಾ?"