ಅಲ್ಲಿ ಮನುಷ್ಯನ್ನ ತನಿಖೆ ಮಾಡ್ತಾರೆ, ಇಲ್ಲಿ ಮಾಲನ್ನ ನೀವೇ ನೋಡ್ಕೋಬೇಕು

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಮನೆ ಮಾಡ್ಕೊಂಡಿರೋ ನಮ್ಮೋರು ಈಚೀಚೆಗೆ ಕೇಳೋದು, ಒಂದು ರಿವಾಲ್ವರ್ ತಗೊಳ್ಳೋಣ ಅಂತಿದೀನಿ, ಹೊಸದು ತಗೊಳ್ಳಾ ಹಳೇದು ತಗೊಳ್ಳಾ ಅಂತ. ನಾನು ಹಳೇದೇ ತಗೊಳ್ಳಿ ಅಂತೀನಿ. ಆದ್ರೆ ಊರಿನ ಲೆಕ್ಕಾಚಾರ ತಲೇಲಿ ಇಟ್ಕೊಂಡು ಇಲ್ಲಿನ ಅಂಗಡಿಗೆ ಹೋದ್ರೆ ಕೆಲಸ ಕೆಡುತ್ತೆ, ಯಾಕಂದ್ರೆ ಎರಡೂ ಕಡೆ ರೀತಿ ಪೂರ್ತಿ ಉಲ್ಟಾ.

ನಾನು ಮೂಡಿಗೆರೆ ಕಡೆಯವನು. ತೋಟದ ಮನೇಲಿ ಕೋವಿ ಇರೋದು ನಮಗೇನು ದೊಡ್ಡ ವಿಷಯ ಅಲ್ಲ, ಬೆಳೆ ರಕ್ಷಣೆಗೆ ಅಂತ ಲೈಸೆನ್ಸು, ಗೋಡೆ ಮೇಲೆ ಜೋಡಿ ನಳಿಗೆ ಕೋವಿ, ಎಲೆಕ್ಷನ್ ಬಂತು ಅಂದ್ರೆ ಠಾಣೆಗೆ ತಗೊಂಡು ಹೋಗಿ ಡಿಪಾಸಿಟ್ ಮಾಡು ಅಂತ ನೋಟೀಸು, ಕಾಡುಹಂದಿಗೇನು ಎಲೆಕ್ಷನ್ ಇದೆ ಅಂತ ಗೊತ್ತಾಗುತ್ತಾ ಅಂತ ಹಿರಿಯರು ಗೊಣಗೋದು. ಕೊಡಗಲ್ಲಿ ಕೊಡವರಿಗೂ ಜಮ್ಮಾ ಅನ್ನೋ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸ್ ವಿನಾಯಿತಿ ಇದೆ, 2019ರಲ್ಲಿ ಅದನ್ನ ಮತ್ತೆ 2029ರವರೆಗೆ ಮುಂದುವರಿಸಿದ್ರು, ಕೈಲ್‌ಪೊಳ್ದ್ ಹಬ್ಬದ ದಿನ ಕೋವಿ ಪೂಜೆ ಮಾಡಿ ತೆಂಗಿನಕಾಯಿಗೆ ಗುಂಡು ಹೊಡೀತಾರೆ. ಇದೆಲ್ಲಾ ಉದ್ದ ಕೋವಿಯ ಲೋಕ ಬಿಡಿ, ಊರಲ್ಲಿ ರಿವಾಲ್ವರ್ ಅಂದ್ರೆ ಅದರ ಕಥೇನೇ ಬೇರೆ.

ಅಲ್ಲಿ 1959ರ ಆರ್ಮ್ಸ್ ಆ್ಯಕ್ಟ್ ಪ್ರಕಾರ ಲೈಸೆನ್ಸ್‌ಗೆ ಅರ್ಜಿ, ಪೊಲೀಸ್ ವೆರಿಫಿಕೇಶನ್ನು, ಜೀವಕ್ಕೆ ಅಪಾಯ ಇದೆ ಅಂತ ಕಾರಣ ಕೊಡೋದು, ಇಷ್ಟೆಲ್ಲಾ ಆದ್ಮೇಲೆ ಸಾಮಾನ್ಯ ಜನಕ್ಕೆ ಸಿಗೋದು ಹೆಚ್ಚಾಗಿ .32 (ಇದು ಗುಂಡಿನ ಅಳತೆ) ರಿವಾಲ್ವರು. ತುಂಬಾ ವರ್ಷ ಕಾನ್ಪುರದ ಸರ್ಕಾರಿ ಕಾರ್ಖಾನೇದು ತಗೋಬೇಕಿತ್ತು, ಇಲ್ಲಾ ಹಳೇ ವಿಲಾಯಿತಿ ಮಾಲು ಹುಡುಕಬೇಕಿತ್ತು. 2014ರಲ್ಲಿ ಹೆಂಗಸರಿಗೆ ಅಂತ ಬಿಟ್ಟ ನಿರ್ಭೀಕ್ ರಿವಾಲ್ವರ್‌ಗೇ ಒಂದು ಲಕ್ಷದ ಮೇಲೆ ರೇಟ್ ಇತ್ತು. ಜನ ವಿದೇಶಿ ಕೋವಿ ತರಿಸಿಕೊಳ್ಳೋದು ಎಂಬತ್ತರ ದಶಕದಲ್ಲೇ ನಿಂತುಹೋಯ್ತು, ಹಾಗಾಗಿ ವೆಬ್ಲಿ ಸ್ಕಾಟೋ ಸ್ಮಿತ್ ಅಂಡ್ ವೆಸ್ಸನ್ನೋ, ಇಂಥ ವಿದೇಶಿ ಕಂಪನಿಯ ಹಳೇ ರಿವಾಲ್ವರ್ ಮಾರಾಟಕ್ಕೆ ಬಂತು ಅಂದ್ರೆ ಲಕ್ಷಗಟ್ಲೆ ಕೇಳ್ತಾರೆ. ಗುಂಡು ತುಂಬೋ ಸಿಲಿಂಡರ್ ಗಡಗಡ ಅಂತಿದ್ರೂ ಸರಿ, ಬ್ಯಾರಲ್ ಒಳಗೆ ತುಕ್ಕು ತಿಂದಿದ್ರೂ ಸರಿ, ಮೇಲೆ ಅಚ್ಚೊತ್ತಿರೋ ಹೆಸರಿಗೆ ದುಡ್ಡು. ಅದನ್ನ ತಗೊಂಡೋರು ಹೊಡೆಯೋದೂ ಇಲ್ಲ ಬಿಡಿ, ತೋಟಾ ಅಂದ್ರೆ ಗುಂಡಿಗೂ ಲೈಸೆನ್ಸಲ್ಲಿ ಲೆಕ್ಕ ಇರುತ್ತೆ, ಪ್ರಾಕ್ಟೀಸ್ ಎಲ್ಲಿಂದ ಬರ್ಬೇಕು. ಬೀರುವಿನಲ್ಲಿ ಇಟ್ಟು ನೆಂಟರು ಬಂದಾಗ ತೋರ್ಸೋ ವಸ್ತು ಅದು.

ಇಲ್ಲಿ ಬನ್ನಿ. ಡೀಲರ್ ಹತ್ರ 4473 ಅಂತ ಒಂದು ಫಾರ್ಮ್ ತುಂಬಿ, ನಿಮ್ಮ ಹೆಸರು ಸ್ಟೇಟ್ ಪೊಲೀಸ್ ಸಿಸ್ಟಮ್‌ಗೆ ಹೋಗುತ್ತೆ, ರೆಕಾರ್ಡ್ ಕ್ಲೀನ್ ಇದ್ರೆ ಎಷ್ಟೋ ಸಲ ಕಾಫಿ ಕುಡಿದು ಮುಗಿಸೋ ಅಷ್ಟರಲ್ಲಿ ಓಕೆ ಅಂತ ಬರುತ್ತೆ. ಡೀಲರಿಂದ ತಗೋಳೋಕೆ 21 ವರ್ಷ ಆಗಿರಬೇಕು. ಯಾರೋ ಖಾಸಗಿಯಾಗಿ ಮಾರ್ತಿದ್ರೂ ಪೆನ್ಸಿಲ್ವೇನಿಯಾದಲ್ಲಿ ಹ್ಯಾಂಡ್‌ಗನ್ ಕೈ ಬದಲಾಗೋದು ಡೀಲರ್ ಅಥವಾ ಕೌಂಟಿ ಶೆರಿಫ್ ಆಫೀಸ್ ಮುಖಾಂತರಾನೇ. ನದಿ ದಾಟಿದ್ರೆ ನ್ಯೂಜೆರ್ಸಿ, ಅಲ್ಲಿ ಒಂದೊಂದು ಹ್ಯಾಂಡ್‌ಗನ್ನಿಗೂ ಬೇರೆ ಬೇರೆ ಪರ್ಮಿಟ್ ಬೇಕು, ಅಲ್ಲಿರೋ ನಮ್ಮ ಸ್ನೇಹಿತರು ಇದೂ ಊರಿನ ಥರಾನೇ ಆಯ್ತಲ್ಲ ಮಾರಾಯ ಅಂತ ನಗ್ತಾರೆ.

ನಮ್ಮೋರಿಗೆ ಮುಖ್ಯವಾದ ಮಾತು ಒಂದಿದೆ. ಎಚ್1ಬಿ ಥರದ ವೀಸಾದಲ್ಲಿ ಇರೋರು ಗನ್ ತಗೋಳೋದಿರ್ಲಿ ಇಟ್ಕೊಳೋದಕ್ಕೂ ಫೆಡರಲ್ ಕಾನೂನಿನ ಅಡ್ಡಿ ಇದೆ, ಚಾಲ್ತಿಯಲ್ಲಿರೋ ಹಂಟಿಂಗ್ ಲೈಸೆನ್ಸ್ ಇರೋದು ಥರದ ಕೆಲವು ವಿನಾಯಿತಿ ಬಿಟ್ರೆ. ಗ್ರೀನ್ ಕಾರ್ಡ್ ಇದ್ದೋರಿಗೆ ಈ ತೊಂದರೆ ಇಲ್ಲ. ಅದಕ್ಕೇ ಕೆಲವರು, ನಿಂಗೆ ಗ್ರೀನ್ ಕಾರ್ಡ್ ಇದೆಯಲ್ಲ, ನಿನ್ನ ಹೆಸರಲ್ಲಿ ನನಗೊಂದು ತಗೊಂಡು ಕೊಡು ಅಂತ ಸಲೀಸಾಗಿ ಕೇಳಿಬಿಡ್ತಾರೆ, ಊರಲ್ಲಿ ಸಿಮ್ ಕಾರ್ಡ್ ತಗೊಂಡು ಕೊಟ್ಟ ಹಾಗೆ. ಅದು ಇಲ್ಲಿ ದೊಡ್ಡ ಅಪರಾಧ ಸ್ವಾಮಿ, ಜೈಲಾಗಬಹುದು, ಆಮೇಲೆ ಇಬ್ಬರ ಇಮಿಗ್ರೇಶನ್ನೂ ಹಳ್ಳ ಹಿಡೀಬಹುದು. ಅಂಥ ಸ್ನೇಹ ಬೇಡ.

ಸರಿ, ಮನುಷ್ಯನ ತನಿಖೆ ಬೇಗ ಮುಗೀತು, ಮಾಲಿನ ತನಿಖೆ? ಅದು ನಿಮ್ಮ ತಲೆನೋವು. ಎಷ್ಟೋ ಅಂಗಡೀಲಿ ಹಳೇ ಗನ್ನು ಇದ್ದಂಗೇ ಮಾರೋದು, ವಾಪಸ್ ತಗೊಳಲ್ಲ. ಎಂಬತ್ತು ತೊಂಬತ್ತರ ದಶಕದಲ್ಲಿ ಇಲ್ಲಿನ ಪೊಲೀಸರು ರಿವಾಲ್ವರ್ ಬಿಟ್ಟು ಪಿಸ್ತೂಲಿಗೆ ಹೋದ್ರು, ಆಗ ಅವರ ಸ್ಮಿತ್ ಅಂಡ್ ವೆಸ್ಸನ್ ಮಾಡೆಲ್ 10, ರೂಗರ್ ಥರದ್ದೆಲ್ಲಾ ರಾಶಿ ರಾಶಿ ಮಾರ್ಕೆಟ್‌ಗೆ ಬಂತು. ಇದರಲ್ಲಿ ಚೆನ್ನಾಗಿರೋದು ತುಂಬಾ ಇದೆ, ಯಾಕಂದ್ರೆ ಪೊಲೀಸರು ಅದನ್ನ ಸೊಂಟದಲ್ಲಿ ಹೊತ್ಕೊಂಡು ತಿರುಗಿದ್ದೇ ಜಾಸ್ತಿ, ಹೊಡೆದಿದ್ದು ಕಮ್ಮಿ. ಹೋಲ್‌ಸ್ಟರ್ ಉಜ್ಜಿ ಹೊರಗಿನ ಬಣ್ಣ ಹೋಗಿರುತ್ತೆ, ಒಳಗೆ ಇನ್ನೂ ಹೊಸದರ ಥರ. ನಮ್ಮೋರು ಮಾತ್ರ ಫಳಫಳ ಹೊಳೆಯೋದನ್ನೇ ಎತ್ಕೋತಾರೆ. ಆ ಹೊಳಪು ಯಾರೋ ಪಾಲಿಶ್ ಮಾಡಿ ಮತ್ತೆ ಬಣ್ಣ ಕೊಟ್ಟಿದ್ದಿರಬಹುದು, ಅಕ್ಷರಗಳ ಅಂಚು ಮೊಂಡಾಗಿದ್ರೆ ಗೊತ್ತಾಗುತ್ತೆ. ಸ್ಕ್ರೂ ತಲೆ ಕಿತ್ತೋಗಿದ್ರೆ ಯಾರೋ ಒಳಗೆ ಕೈ ಹಾಕಿದಾರೆ ಅಂತ ಅರ್ಥ, ನಾನಂತೂ ಅದನ್ನ ಅಲ್ಲೇ ವಾಪಸ್ ಇಡ್ತೀನಿ.

ನೋಡೋದು ಹೆಂಗೆ ಅಂದ್ರೆ, ಮೊದಲು ಖಾಲಿ ಇದೆಯಾ ಅಂತ ಸಿಲಿಂಡರ್ ಬಿಚ್ಚಿ ಕಣ್ಣಾರೆ ನೋಡಿ, ಅಂಗಡಿಯವರನ್ನ ಕೇಳಿ ಆಮೇಲೆ ಹ್ಯಾಮರ್, ಅಂದ್ರೆ ಗುಂಡಿಗೆ ಬಡಿಯೋ ಹಿಂದಿನ ಸುತ್ತಿಗೆ, ಮುಟ್ಟಿ. ಹ್ಯಾಮರನ್ನ ನಿಧಾನಕ್ಕೆ ಹಿಂದಕ್ಕೆ ಎಳೀತಾ ಹೋದ್ರೆ, ಅದು ಪೂರ್ತಿ ನಿಲ್ಲೋ ಮುಂಚೆ ಅಥವಾ ನಿಲ್ಲೋ ಹೊತ್ತಿಗೆ ಸಿಲಿಂಡರ್ ಟಕ್ ಅಂತ ಲಾಕ್ ಆಗ್ಬೇಕು, ಆರಕ್ಕೆ ಆರು ತೂತಿಗೂ ಹಿಂಗೇ ಮಾಡಿ, ಐದು ಸರಿ ಇದ್ದು ಒಂದು ಹಿಂದೆ ಬಿದ್ರೂ ಟೈಮಿಂಗ್, ಅಂದ್ರೆ ತೂತು ಬ್ಯಾರಲ್ಲಿಗೆ ಸರಿಯಾಗಿ ಬಂದು ನಿಲ್ಲೋ ಲೆಕ್ಕ, ಹೋಗಿದೆ ಅಂತಾನೇ. ಸಿಲಿಂಡರ್ ಹಿಂದೆ ಮುಂದೆ ಅಲ್ಲಾಡಿಸಿ ನೋಡಿ, ಜಾಸ್ತಿ ಆಟ ಇರಬಾರದು. ಬ್ಯಾರಲ್ಲಿಗೂ ಸಿಲಿಂಡರಿಗೂ ನಡುವಿನ ಸಂದು ಒಂದು ಇಂಚಿನ ಸಾವಿರದಲ್ಲಿ ನಾಲ್ಕರಿಂದ ಎಂಟು ಭಾಗ ಇದ್ರೆ ಚೆನ್ನ, ಬೈಕ್ ಮೆಕ್ಯಾನಿಕ್ ಟ್ಯಾಪೆಟ್‌ಗೆ ಹಾಕ್ತಾನಲ್ಲ ಅದೇ ಫೀಲರ್ ಗೇಜ್ ಜೇಬಲ್ಲಿಟ್ಕೊಂಡು ಹೋಗಿ, ಅಂಗಡಿಯವನು ಇವನಿಗೆ ಗೊತ್ತು ಅಂತ ಸುಮ್ಮನಾಗ್ತಾನೆ. .357 ಮ್ಯಾಗ್ನಮ್ ಅನ್ನೋ ಜೋರಿನ ತೋಟಾ ಹೊಡೆಯೋ ಗನ್ನಾದ್ರೆ ಬ್ಯಾರಲ್ ಹಿಂಬದಿಯ ಫೋರ್ಸಿಂಗ್ ಕೋನ್, ಅಂದ್ರೆ ಗುಂಡು ಒಳಗೆ ನುಗ್ಗೋ ಬಾಯಿ, ಟಾರ್ಚ್ ಹಾಕಿ ನೋಡಿ, ಅದರಲ್ಲೂ ಸ್ಮಿತ್ ಮಾಡೆಲ್ 19ರಲ್ಲಿ ಅದರ ಕೆಳಭಾಗ ತೆಳ್ಳಗಿರುತ್ತೆ, ಹಗುರ ಬುಲೆಟ್ಟಿನ ಜೋರು ತೋಟಾ ತುಂಬಾ ಹೊಡೆದಿದ್ರೆ ಅಲ್ಲೇ ಬಿರುಕು ಬಿಡೋದು. ಹಾಗಂತ .357 ಬೇಡ ಅಂತಲ್ಲ, ಅದರಲ್ಲಿ .38 ಸ್ಪೆಷಲ್ ಅನ್ನೋ ಮೆತ್ತಗಿನ ತೋಟಾ ಕೂಡ ಹೊಡೀಬಹುದು, ಟಾರ್ಗೆಟ್‌ಗೆ ಅಷ್ಟು ಸಾಕು, ಕೈಗೂ ನೋವಿಲ್ಲ. .38 ಗನ್ನಲ್ಲಿ ಮಾತ್ರ .357 ಹಾಕೋ ಯೋಚ್ನೆ ಬೇಡ.

ಕೋಲ್ಟ್ ಪೈಥಾನ್ ಬೇಕು ಅನ್ನೋರಿದಾರೆ. 1955ರಲ್ಲಿ ಬಂದ ಗನ್ನು, ಚೆಂದ ಇದೆ, ಒಪ್ಕೋತೀನಿ. ಹಳೇದಕ್ಕೆ ಈಗ ಕಲೆಕ್ಟರ್ ರೇಟು, ಟೈಮಿಂಗ್ ಹೋದ್ರೆ ರಿಪೇರಿ ಮಾಡೋರೂ ಕಮ್ಮಿ. ಊರಿನ ವೆಬ್ಲಿ ಹುಚ್ಚು ಇಲ್ಲಿ ಕೋಲ್ಟ್ ಆಗಿದೆ ಅಷ್ಟೇ.

ಇನ್ನು ಮನೆ ರಕ್ಷಣೆಗೆ ಅಂತೀರಲ್ಲ, ಅಲ್ಲಿ ನಾನು ಸ್ವಲ್ಪ ಹಿಂದೆ ಸರೀತೀನಿ. ರಿವಾಲ್ವರ್ ಸರಳ, ತುಂಬಿದೆಯಾ ಇಲ್ವಾ ಅಂತ ತೆರೆದ ತಕ್ಷಣ ಕಾಣುತ್ತೆ, ಅದು ನಿಜ. ಆದ್ರೆ ಹೆಚ್ಚಿನವಕ್ಕೆ ಕೈಯಿಂದ ಹಾಕೋ ಸೇಫ್ಟಿ ಇರಲ್ಲ, ಹೆಬ್ಬೆರಳಲ್ಲಿ ಹ್ಯಾಮರ್ ಎಳೆದಿಟ್ಟರೆ ಆಮೇಲೆ ಟ್ರಿಗರ್‌ಗೆ ಮಗು ಬೆರಳಿನ ಬಲ ಸಾಕು. ಡೀಲರ್ ಗನ್ ಜೊತೆ ಒಂದು ಲಾಕ್ ಕೊಡ್ಲೇಬೇಕು ಅಂತ ಇಲ್ಲಿನ ಕಾನೂನು, ಆ ಲಾಕ್ ಡಬ್ಬಿಯಿಂದ ಆಚೆಗೇ ಬರದೇ ಇರೋ ಮನೆಗಳು ಎಷ್ಟೋ. ಗುರಿ ಕಲಿಯದೆ, ಬಟ್ಟೆ ನಡುವೆ ಸಿಕ್ಕಿಸಿಟ್ಟ ರಿವಾಲ್ವರಿಗಿಂತ ಗಟ್ಟಿ ಬಾಗಿಲೇ ಮೇಲು ಅನ್ನೋದು ನನ್ನ ಲೆಕ್ಕ. ತಗೊಳೋದೇ ಆದ್ರೆ 4 ಇಂಚು ಬ್ಯಾರಲ್ಲಿಂದು ತಗೊಳ್ಳಿ, ಆ 2 ಇಂಚಿನ ಪುಟಾಣಿ ಜೇಬಿಗೆ ಚೆನ್ನ, ಹೊಸಬರ ಕೈಗೆ ಟಾರ್ಗೆಟ್ ಕಾಗದಕ್ಕೂ ತಾಗಲ್ಲ. ಗನ್ನಿಗೆ ಕೊಟ್ಟಷ್ಟೇ ದುಡ್ಡು ಲಾಕ್‌ಬಾಕ್ಸಿಗೂ ಗುರಿ ಅಭ್ಯಾಸದ ರೇಂಜಿಗೂ ತೋಟಾಗೂ ಎತ್ತಿಡಿ, ಅಷ್ಟು ಆಗಲ್ಲ ಅಂದ್ರೆ ಇನ್ನೊಂದು ವರ್ಷ ಬಿಟ್ಟು ತಗೊಳ್ಳಿ, ಹಳೇ ರಿವಾಲ್ವರ್ ಎಲ್ಲೂ ಓಡಿಹೋಗಲ್ಲ.