ಪ್ಲಾಟ್‌ಫಾರ್ಮ್‌ಗಿಂತ ಮೊದಲು ಟೈಮಿಂಗ್ ನೋಡಿ

ಪ್ಲಾಟ್‌ಫಾರ್ಮ್ ಹೆಚ್ಚಾದರೆ ಮೈಸೂರಿನಲ್ಲಿ ರೈಲು ಬದಲಿಸುವವರ ಕಷ್ಟ ತೀರುತ್ತದೆ ಎಂದು ಮೈಸೂರು ರೈಲು ನಿಲ್ದಾಣದ ಬಗ್ಗೆ ನಾನು ಓದಿದ ಲೇಖನದಲ್ಲಿದೆ. ಇದನ್ನು ಒಪ್ಪೋದು ಕಷ್ಟ.

ನಾನು ನಂಜನಗೂಡಿನವನು, ತಂಗಿ ಇರುವುದು ಹಾಸನದಲ್ಲಿ. ಮೈಸೂರಿನಲ್ಲಿ ಇಳಿದು, ಮೇಲ್ಸೇತುವೆ ದಾಟಿ ಇನ್ನೊಂದು ರೈಲು ಹತ್ತೋದು ಐದು ನಿಮಿಷದ ಕೆಲಸ. ಅಮ್ಮ ಜೊತೆಗಿದ್ದರೆ ಹತ್ತು, ದಾರಿಯಲ್ಲಿ ಕಾಫಿ ಬೇರೆ ಆಗಬೇಕು ಅವರಿಗೆ! ನಮಗೆ ಬೇಕಿರುವುದು ಇನ್ನೊಂದು ಪ್ಲಾಟ್‌ಫಾರ್ಮ್ ಅಲ್ಲ, ಒಂದು ರೈಲಿಗೆ ಇನ್ನೊಂದು ಹೊಂದುವ ವೇಳಾಪಟ್ಟಿ. ನಮ್ಮೂರಿನ ಮೂಲಕ ಹೋಗುವ ಚಾಮರಾಜನಗರದ ಹಳಿ ಮೈಸೂರಿನಿಂದ ಸುಮಾರು 60 ಕಿ.ಮೀ. ಹೋಗಿ ಅಲ್ಲೇ ಮುಗಿಯುತ್ತದೆ. ಹಾಸನ, ಅರಸೀಕೆರೆ ಕಡೆ ರೈಲಲ್ಲಿ ಹೋಗೋದಾದರೆ ನಮಗೆ ಮೈಸೂರೇ ಬಾಗಿಲು.

ಪ್ಲಾಟ್‌ಫಾರ್ಮ್ ಸಾಲದು ಅನ್ನೋದು ಸುಳ್ಳಲ್ಲ. ಬೆಂಗಳೂರು, ಹಾಸನ ಎರಡೂ ಹಳಿ ಉತ್ತರದ ಕಡೆಯಿಂದಲೇ ಬಂದು ಸೇರುತ್ತವೆ. ಹಾಗಾಗಿ ಬೆಂಗಳೂರಿನಿಂದ ಬಂದ ಗಾಡಿ ಹಾಸನಕ್ಕೆ ಹೋಗಬೇಕಾದರೆ ಇಂಜಿನ್ ಬಿಚ್ಚಿ ಇನ್ನೊಂದು ತುದಿಗೆ ಹಾಕಬೇಕು. ಅಷ್ಟು ಹೊತ್ತು ಜಾಗ ಖಾಲಿಯಾಗಲ್ಲ. ಕೆಲವು ಬೆಂಗಳೂರು ರೈಲುಗಳನ್ನು ಇಲ್ಲಿ ನಿಲ್ಲಿಸಿಡದೆ, ಮೈಸೂರಿನಲ್ಲೇ ಚಾಮರಾಜನಗರದ ಹಳಿಯಲ್ಲಿರುವ ಅಶೋಕಪುರಂ ನಿಲ್ದಾಣದವರೆಗೆ ಓಡಿಸುವುದು ಇದಕ್ಕೇ ಒಳ್ಳೇದು. ಲೇಖನದಲ್ಲಿ ಅದಕ್ಕೆ ಒಂದೇ ಸಾಲು!

ಬಸ್ಸಿನ ಮಾತಂತೂ ಇಲ್ಲವೇ ಇಲ್ಲ. ಗ್ರಾಮಾಂತರ ಬಸ್ ನಿಲ್ದಾಣ ಒಂದು ಕಡೆ, ಸಿಟಿ ಬಸ್ ಸ್ಟ್ಯಾಂಡ್ ಕೆ.ಆರ್. ಸರ್ಕಲ್ ಹತ್ತಿರ. ಎರಡೂ ಸ್ಟೇಷನ್ನಿಗೆ ಅಂಟಿಕೊಂಡಿಲ್ಲ. ಬ್ಯಾಗು, ಮಕ್ಕಳು ಎರಡನ್ನೂ ಎಳೆದುಕೊಂಡು ಇರ್ವಿನ್ ರಸ್ತೆಯಲ್ಲಿ ನಡೆದವರನ್ನು ಒಮ್ಮೆ ಕೇಳಿ ನೋಡಿ.